ಬಾಗಿಲೇ ಇಲ್ಲದ ದಫ್ತರಖಾನೆ!

ಒಂದು ಪ್ರಶ್ನೆ. ಥಟ್ಟನೆ ಉತ್ತರ ಹೇಳಬೇಕು!

1975ರಲ್ಲಿ ತೆರೆಕಂಡ ‘ಮಯೂರ’ ಚಿತ್ರ ನೆನಪಿದೆ ತಾನೆ? ಕತ್ತಿ ಹಿಡಿದು ನಿಂತ ರಾಜ್‌ಕುಮಾರ್ ಯಾರಿಗೆ ಮರೆತಾರು? ಓದಲೆಂದು ಕಂಚಿಗೆ ಹೋದ ತರುಣ, ಪಲ್ಲವರ ಕೈಯಲ್ಲಿ ಆದ ಅವಮಾನ, ಆಮೇಲೆ ಎದ್ದು ನಿಂತ ಕದಂಬ ರಾಜ್ಯ. ಈ ಕಥೆ ನಮಗೆ ಸಿಕ್ಕಿದ್ದು ಎಲ್ಲಿಂದ?

ದೇವುಡು ಅವರ ಕಾದಂಬರಿಯಿಂದ ಅಂತೀರಾ? ಸರಿ. ಹಾಗಾದರೆ ದೇವುಡು ಅವರಿಗೆ ಸಿಕ್ಕಿದ್ದು ಎಲ್ಲಿಂದ? ಯಾವ ಪುರಾಣದಿಂದ? ಯಾವ ತಾಳೆಗರಿಯಿಂದ? ಯಾವ ಅರಮನೆಯ ಕಡತದಿಂದ?

ಯಾವುದೂ ಅಲ್ಲ! ಕಂಚಿಯ ಜಗಳದ ಈ ಕಥೆಯನ್ನು ನಮಗಾಗಿ ಉಳಿಸಿಕೊಟ್ಟದ್ದು ಒಂದು ಕಲ್ಲುಕಂಬ. ಒಂದೇ ಒಂದು ಕಂಬ!

ಅದು ಇರುವುದು ಬೆಂಗಳೂರಿನಲ್ಲಲ್ಲ, ದೆಹಲಿಯಲ್ಲಲ್ಲ, ಲಂಡನ್ನಿನಲ್ಲೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ! ಶಿರಾಳಕೊಪ್ಪದ ಮಗ್ಗುಲಲ್ಲೇ! ಪ್ರಣವೇಶ್ವರ ದೇವಾಲಯದ ಎದುರು, ಬಿಸಿಲು ಮಳೆ ತಿಂದುಕೊಂಡು ಸುಮಾರು 1,550 ವರ್ಷಗಳಿಂದ ಅದು ನಿಂತಿದೆ.

ಅದರ ಅವತಾರ ಕೇಳಿ. ಬೂದುಬಣ್ಣದ ಗಟ್ಟಿ ಗ್ರಾನೈಟ್. ಎಂಟು ಮುಖ. ಎಂಟರ ಮೇಲೂ ಅಕ್ಷರ! ಆದರೆ ನಾವು ಓದುವಂತೆ ಎಡದಿಂದ ಬಲಕ್ಕೆ ಅಡ್ಡಲಾಗಿ ಬರೆದಿಲ್ಲ. ಮತ್ತೆ ಹೇಗೆ?

ಕೆಳಗಿನಿಂದ ಮೇಲಕ್ಕೆ! ಪ್ರತಿ ಸಾಲೂ ಕಂಬದ ಬುಡದಲ್ಲಿ ಶುರುವಾಗಿ ಬಳ್ಳಿಯಂತೆ ಮೇಲೆ ಹತ್ತುತ್ತದೆ. ಕತ್ತು ವಾಲಿಸಿಕೊಂಡೇ ಓದಬೇಕು. ಹಾಗೆ ಓದುತ್ತ ಹೋದರೆ 34 ಸಂಸ್ಕೃತ ಪದ್ಯಗಳು. ಅದೊಂದು ಪೂರ್ತಿ ಕಾವ್ಯ!

ಬರೆದ ಕವಿಯ ಹೆಸರೂ ಇದೆ. ಕುಬ್ಜ! ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಅನ್ನುತ್ತಾನೆ ಆತ. ಹದಿನೈದು ಶತಮಾನ ಹಿಂದಿನ ಒಬ್ಬ ಕವಿಯ ಮೂಲಪ್ರತಿ, ನಕಲಿನ ನಕಲಲ್ಲ, ಮೂಲವೇ ನಮ್ಮ ಕಣ್ಣೆದುರು ನಿಂತಿದೆ!

ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು ಇದರಲ್ಲಿದೆ. ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು ಇದರಲ್ಲಿದೆ. ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿಗೆ ಚಾಚಿದ್ದು ಇದರಲ್ಲಿದೆ. ಶ್ರೀಪರ್ವತದ ಕಾಡು ಹೊಕ್ಕದ್ದು, ಬಾಣರಿಂದ ಕಪ್ಪ ವಸೂಲಿ ಮಾಡಿದ್ದು, ಕೊನೆಗೆ ಪಲ್ಲವರೇ ರಾಜಿಗೆ ಬಂದದ್ದು, ಎಲ್ಲವೂ!

ಇನ್ನೊಂದು ಸುದ್ದಿ. ಕದಂಬ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟು ಮದುವೆ ಮಾಡಿದ್ದೂ ಇಲ್ಲೇ ಇದೆ. ಉತ್ತರದ ಗುಪ್ತರೆಲ್ಲಿ, ನಮ್ಮ ಬನವಾಸಿಯೆಲ್ಲಿ!

ಈಗ ಊಹಿಸಿ. ಇಷ್ಟು ದೊಡ್ಡ ಕಥೆ ಹೇಳುವ ಈ ಕಂಬವನ್ನು ನಿಲ್ಲಿಸಿದ್ದು ಯಾತಕ್ಕೆ? ಯುದ್ಧ ಗೆದ್ದ ನೆನಪಿಗೆ? ಪಟ್ಟಾಭಿಷೇಕಕ್ಕೆ?

ಕೆರೆಗೆ!

ಹೌದು, ಒಂದು ಕೆರೆಗೆ! ಕಾಕುಸ್ಥವರ್ಮ ಈ ದೇವಾಲಯಕ್ಕಾಗಿ ಒಂದು ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಆ ಸಂಗತಿಯನ್ನು ದಾಖಲಿಸಿದರು. ಕೆರೆಯ ಮಾತು ಹೇಳಲು ಹೊರಟ ಕವಿ, ಕಟ್ಟಿಸಿದವನ ಮನೆತನದ ಕಥೆಯನ್ನು ಮುತ್ತಜ್ಜನಿಗೂ ಹಿಂದಿನಿಂದ ಹಿಡಿದು ಹೇಳಿಬಿಟ್ಟ. ಆ ಕೆರೆ ಕಟ್ಟದಿದ್ದರೆ? ಮಯೂರನ ಕಥೆಯೇ ನಮಗಿಲ್ಲ!

ರೋಮಾಂಚನವಾಗುತ್ತಿದೆಯೆ? ತಾಳಿ, ನಾವಿನ್ನೂ ತಾಳಗುಂದವನ್ನೇ ದಾಟಿಲ್ಲ!

ಇದೇ ಅಂಗಳದಲ್ಲಿ 2013ರ ಹೊತ್ತಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿತು. ಸಿಕ್ಕಿದ್ದೇನು? ಒಂದು ಸಿಂಹಕಟಾಂಜನ. ಮೆಟ್ಟಿಲಿನ ಪಕ್ಕಕ್ಕೆ ಕೂರಿಸುವ, ಸಿಂಹದ ಕೆತ್ತನೆಯ ಕಲ್ಲು. ಅದರ ಮೇಲೆ ಏಳು ಸಾಲು ಬರಹ. ಸಂಸ್ಕೃತದ ಜೊತೆಗೆ ಕನ್ನಡದ ಮಾತೂ ಇದೆ!

ಇಲಾಖೆ ಅದಕ್ಕೆ ಕೊಟ್ಟ ಕಾಲ? ಕ್ರಿ.ಶ. 370! ಕನ್ನಡದ ಮೊದಲ ಶಾಸನ ಯಾವುದು ಅಂದರೆ ಹಲ್ಮಿಡಿ, ಸುಮಾರು 450 ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಇದು ಅದಕ್ಕಿಂತ 80 ವರ್ಷ ಹಿಂದಿನದು ಎನ್ನುತ್ತದೆ ಇಲಾಖೆ!

ಅದರಲ್ಲಿ ಯಾರ ಹೆಸರಿದೆ ಗೊತ್ತೆ? ರಾಜಗುರುವಿನದೆ? ಸೇನಾಪತಿಯದೆ? ಅಲ್ಲ. ವಾಜಿನಾಗ ಎಂಬ ಅಂಬಿಗನದು! ದೋಣಿ ನಡೆಸುವವನಿಗೆ ಭೂಮಿ ಕೊಟ್ಟ ದಾಖಲೆ ಅದು. ಕನ್ನಡದ ಇಷ್ಟು ಹಳೆಯ ಬರಹದೊಳಗೆ ಒಬ್ಬ ಅಂಬಿಗ ಕೂತಿದ್ದಾನೆ! ಇದಕ್ಕಿಂತ ಚೆಂದದ ಸಂಗತಿ ಇನ್ನೇನು ಬೇಕು?

ಈಗ ಮಳವಳ್ಳಿಗೆ ನಡೆಯಿರಿ. ಮಂಡ್ಯದ ಮಳವಳ್ಳಿಯಲ್ಲ, ಶಿಕಾರಿಪುರ ತಾಲ್ಲೂಕಿನದು. ಇಲ್ಲಿಯೂ ಒಂದು ಕಂಬ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬನವಾಸಿಯನ್ನು ಆಳುತ್ತಿದ್ದ ಚುಟುಕುಲದ ಸಾತಕರ್ಣಿ ಎಂಬ ರಾಜ ಊರಿನ ದೇವರಿಗಾಗಿ ಭೂಮಿ ಬಿಟ್ಟ ದಾಖಲೆ.

ಆಶ್ಚರ್ಯ ಅದಲ್ಲ. ಅದರ ಕೆಳಗೆ ಏನಿದೆ ನೋಡಿ!

ಅದೇ ಕಂಬದ ಮೇಲೆ ಇನ್ನೊಂದು ದಾಖಲೆ! ಅಷ್ಟರಲ್ಲಿ ಚುಟುಗಳು ಹೋಗಿ ಕದಂಬರು ಬಂದಿದ್ದಾರೆ. ದತ್ತಿ ನಿಂತುಹೋಗಿದೆ. ಹೊಸ ರಾಜ ಹಳೆಯ ದತ್ತಿಯನ್ನು ಅದೇ ಮನೆತನದವರಿಗೆ ಮತ್ತೆ ಕೊಡುತ್ತಾನೆ. ಹಳೆಯ ಬರಹವನ್ನು ಕೆತ್ತಿ ಅಳಿಸಿದನೆ? ಇಲ್ಲ! ಅದರ ಕೆಳಗೇ ತನ್ನದನ್ನು ಬರೆಸಿದ. ಎರಡು ಸರ್ಕಾರ, ಒಂದೇ ಕಡತ!

ಕದಂಬರಿಗೂ ಹಿಂದೆ ಈ ನೆಲ ಯಾರದಾಗಿತ್ತು, ಚುಟುಗಳ ನಂತರ ಯಾರ ಕೈಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಕಂಬದ ಮುಂದೆ ಬಂದು ನಿಲ್ಲಲೇಬೇಕು. ರಾಜ್ಯ ಕೈ ಬದಲಾದದ್ದನ್ನು ಒಂದೇ ಕಲ್ಲಿನಲ್ಲಿ, ಮೇಲೆ ಕೆಳಗೆ ಓದಬಹುದು!

ಸರಿ, ಈಗ ನಿಜವಾದ ಹಬ್ಬಕ್ಕೆ ಬರೋಣ. ಬಳ್ಳಿಗಾವಿ!

ಅಲ್ಲಮಪ್ರಭುವಿನ ಊರು. ಪಕ್ಕದ ಉಡುತಡಿ ಅಕ್ಕಮಹಾದೇವಿಯದು. ಬನವಾಸಿ 12,000 ನಾಡಿಗೆ ರಾಜಧಾನಿಯಾಗಿ ಮೆರೆದ ಪಟ್ಟಣ ಇದು. ಇಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ದಕ್ಷಿಣ ಕೇದಾರ ಎಂದೇ ಹೆಸರು. ಅದರ ಜೊತೆಗೆ ಒಂದು ಮಠವಿತ್ತು, ಕೋಡಿಯ ಮಠ. ಕಾಳಾಮುಖ ಶೈವರದು.

1162ನೇ ಇಸವಿಯ ಒಂದು ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. 1162! ಅತ್ತ ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲ. ಶಾಸನ ಹಾಕಿಸಿದ್ದು? ಬಸವಣ್ಣನವರ ಕಾಲದ ಅದೇ ದೊರೆ ಬಿಜ್ಜಳನ ಆಳ್ವಿಕೆಯಲ್ಲಿ!

ಪಟ್ಟಿ ಶುರುವಾಗುತ್ತದೆ. ನಾಲ್ಕು ವೇದಗಳ ಪಾಠ. ಪಾಣಿನಿಯ ವ್ಯಾಕರಣ. ಶಾಕಟಾಯನ ವ್ಯಾಕರಣ. ಆರು ದರ್ಶನಗಳು. ಪತಂಜಲಿಯ ಯೋಗ. ಹದಿನೆಂಟು ಪುರಾಣ. ಕಾವ್ಯ, ನಾಟಕ. ಇಷ್ಟಕ್ಕೇ ಇದನ್ನು ವಿಶ್ವವಿದ್ಯಾಲಯ ಅನ್ನಬಹುದಲ್ಲವೆ?

ಪಟ್ಟಿ ಮುಗಿದಿಲ್ಲ! ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ ಜಾಗ ಇದು. ಹಾಡುವವರು, ವಾದ್ಯದವರು, ಕುಣಿಯುವವರಿಗೆ ಆಸರೆಯ ಜಾಗ. ಬೇರೆ ಬೇರೆ ಪಂಥದ ಸನ್ಯಾಸಿಗಳು, ಬತ್ತಲೆ ಇರುವವರೂ ಸೇರಿ, ಬಂದು ಉಣ್ಣುವ ಜಾಗ.

ಇನ್ನೂ ಇದೆ! ನಾನಾ ರೋಗದವರಿಗೆ ಔಷಧ ಕೊಟ್ಟು ಆರೈಕೆ ಮಾಡುವ ಜಾಗ. ಆಸ್ಪತ್ರೆ! ಹನ್ನೆರಡನೆಯ ಶತಮಾನದ ಶಿಕಾರಿಪುರ ಸೀಮೆಯಲ್ಲಿ!

ಪಟ್ಟಿಯ ಕೊನೆಗೆ ಏನಿದೆ, ಊಹಿಸಬಲ್ಲಿರಾ? ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ! ಮನುಷ್ಯರಿಗೆ ಮಾತ್ರವಲ್ಲ, ಉಸಿರಾಡುವ ಪ್ರತಿಯೊಂದಕ್ಕೂ! ಇಂಥ ಮಾತನ್ನು ತನ್ನ ದಾಖಲೆಯಲ್ಲಿ ಬರೆಸಿಕೊಂಡ ಸಂಸ್ಥೆ ಇಂದು ಎಷ್ಟಿವೆ ಹೇಳಿ!

ಬಳ್ಳಿಗಾವಿಯಲ್ಲಿ ಶೈವರಷ್ಟೇ ಇದ್ದರು ಅಂದುಕೊಂಡಿರೋ, ಕೆಟ್ಟಿರಿ. ಹರಿಗೆ, ಹರನಿಗೆ, ಬ್ರಹ್ಮನಿಗೆ, ಜಿನನಿಗೆ, ಬುದ್ಧನಿಗೆ, ಐವರಿಗೂ ಇಲ್ಲಿ ಮಠಗಳಿದ್ದವು ಎಂದು ಶಾಸನ ಹೇಳುತ್ತದೆ.

ಬುದ್ಧನಿಗೆ ಕೂಡ? ಹೌದು! 1065ರಲ್ಲಿ ರೂಪಭಟ್ಟಯ್ಯ ಎಂಬ ದಂಡನಾಯಕ ಇಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಮುಂದೆ ಅದೇ ವಿಹಾರದ ದಾಖಲೆಯಲ್ಲಿ ಒಬ್ಬ ಹೆಣ್ಣಿನ ಹೆಸರು ಬರುತ್ತದೆ, ನಾಗಿಯಕ್ಕ! ಕರ್ನಾಟಕದಲ್ಲಿ ಬೌದ್ಧಧರ್ಮ ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಒಂದು ಬೌದ್ಧ ವಿಹಾರ, ಅದರ ಜೊತೆ ಒಬ್ಬ ನಾಗಿಯಕ್ಕ. ಇವೆರಡರ ಸುದ್ದಿಯೂ ಉಳಿದದ್ದು ಬಳ್ಳಿಗಾವಿಯ ಕಲ್ಲಿನಿಂದ!

ಈಗ ಒಬ್ಬ ಚಕ್ರವರ್ತಿಯ ಸಾವಿನ ಸುದ್ದಿ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರ. ಚೋಳರ ಜೊತೆ ಜೀವಮಾನವಿಡೀ ಕಾದಾಡಿದವನು. ವಾಸಿಯಾಗದ ಕಾಯಿಲೆ ಬಂದಾಗ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟನೆಂದು ಕಾಶ್ಮೀರದ ಕವಿ ಬಿಲ್ಹಣ ತನ್ನ ಕಾವ್ಯದಲ್ಲಿ ವರ್ಣಿಸುತ್ತಾನೆ. ಕವಿಯ ಕಲ್ಪನೆಯೋ, ನಡೆದದ್ದೋ?

ಬಳ್ಳಿಗಾವಿಯ ಕಲ್ಲು ಸಾಕ್ಷಿ ಹೇಳುತ್ತದೆ! ಕುರುವತ್ತಿಯಲ್ಲಿ, ತುಂಗಭದ್ರೆಯಲ್ಲಿ, ಪರಮಯೋಗದಿಂದ ದೊರೆ ದೇಹ ಬಿಟ್ಟ ಎಂದು ತಿಥಿ ವಾರದ ಸಮೇತ ದಾಖಲಿಸುತ್ತದೆ. ನಮ್ಮ ಲೆಕ್ಕದಲ್ಲಿ ಅದು 1068ರ ಮಾರ್ಚ್. ಕಾವ್ಯಕ್ಕೆ ಕಲ್ಲಿನ ರುಜು!

ಬಳ್ಳಿಗಾವಿಯಿಂದ ಹೊರಡುವ ಮುನ್ನ ಒಮ್ಮೆ ತಲೆ ಎತ್ತಿ. ಗಂಡಭೇರುಂಡ ಕಂಬ! 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ್ದು. ಎತ್ತರ 30 ಅಡಿಗೂ ಮೇಲೆ. ಒಂದೇ ಕಲ್ಲು! ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿಗೆ ಸುಮಾರು ಸಾವಿರ ವರ್ಷ ಹಿಂದೆಯೇ ಇಲ್ಲಿ ಕಂಬ ಎದ್ದಿತ್ತು.

ಆ ಹೆಸರಿಗೂ ಹೊಲ ಅಳೆಯುವುದಕ್ಕೂ ಏನು ನಂಟು? ಇದನ್ನಂತೂ ನೀವು ಊಹಿಸಲಾರಿರಿ! ಬಳ್ಳಿಗಾವಿಯ ಶಾಸನಗಳಲ್ಲಿ ಹೊಲ ಗದ್ದೆ ಅಳೆಯುವ ಕೋಲಿನ ಹೆಸರೇ ಭೇರುಂಡ ಗಳೆ! ಇಂತಿಷ್ಟು ಮತ್ತರು ಭೂಮಿ ಎಂದು ಬರೆದು ಸುಮ್ಮನಾಗುತ್ತಿರಲಿಲ್ಲ. ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಬರೆಸುತ್ತಿದ್ದರು. ಅಳತೆಯಲ್ಲಿ ಮೋಸ ಆಗಬಾರದು ನೋಡಿ!

ಮುಂದೆ ಬಂದಳಿಕೆ. ಇದೂ ಶಿಕಾರಿಪುರ ತಾಲ್ಲೂಕೇ. ಕಾಡಿನ ನಡುವೆ ಬಸದಿ, ಗುಡಿ, ಶಾಸನ.

ಒಂದು ಸವಾಲು. ಕರ್ನಾಟಕದಲ್ಲಿ ಹೆಣ್ಣುಮಗಳೊಬ್ಬಳು ಸರ್ಕಾರಿ ಅಧಿಕಾರಕ್ಕೆ ನೇಮಕವಾದ ಹಳೆಯ ದಾಖಲೆ ಯಾವ ಕಾಲದ್ದಿರಬಹುದು? 1900? 1700? ಕಿತ್ತೂರು ಚೆನ್ನಮ್ಮನ ಕಾಲ? ಕೆಳದಿ ಚೆನ್ನಮ್ಮನ ಕಾಲ?

ಹಿಂದೆ ಹೋಗಿ. ಇನ್ನೂ ಹಿಂದೆ. ಹತ್ತನೆಯ ಶತಮಾನದ ಆರಂಭ, 911ರ ಆಸುಪಾಸು! ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆ. ನಾಗರಖಂಡ 70 ಎಂಬ ನಾಡಿಗೆ ನಾಗಾರ್ಜುನ ಎಂಬಾತ ನಾಳ್ಗಾವುಂಡ. ಅವನು ಸತ್ತ. ದೊರೆ ಆ ಅಧಿಕಾರವನ್ನು ಕೊಟ್ಟದ್ದು ಯಾರಿಗೆ? ಅವನ ಹೆಂಡತಿ ಜಕ್ಕಿಯಬ್ಬೆಗೆ!

ಆಕೆ ಹೆಸರಿಗಷ್ಟೇ ಕೂತವಳಲ್ಲ. ಆಡಳಿತದಲ್ಲಿ ನಿಪುಣೆ ಎಂದು ಶಾಸನವೇ ಹೊಗಳುತ್ತದೆ. ಜಿನಭಕ್ತೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಯಾರಿಗೆ ವಹಿಸಿದಳು ಗೊತ್ತೆ? ಮಗಳಿಗೆ! ಆಮೇಲೆ ಇದೇ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ತಾಯಿಯಿಂದ ಮಗಳಿಗೆ ಅಧಿಕಾರ, ಸಾವಿರದ ನೂರು ವರ್ಷಗಳ ಹಿಂದೆ! ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ದಪ್ಪಕ್ಷರದಲ್ಲಿ ಇರಬೇಡವೆ?

ಈಗ ಗಡಿ ದಾಟಿ. ಸೊರಬ!

ಸೊರಬದ ಒಂದು ದಾಖಲೆ ಕಲ್ಲಿನದಲ್ಲ, ತಾಮ್ರದ್ದು. 692ನೇ ಇಸವಿ. ಬಾದಾಮಿ ಚಾಲುಕ್ಯ ವಿನಯಾದಿತ್ಯ ಸಾಲಿವೊಗೆ ಎಂಬ ಹಳ್ಳಿಯನ್ನು ದಾನ ಕೊಟ್ಟ ತಾಮ್ರಪಟ. ತಾನಾಗಿ ಕೊಟ್ಟನೆ? ಇಲ್ಲ, ಕೇಳಿದವನೊಬ್ಬ ಇದ್ದ. ಆಳುಪ ಅರಸ ಚಿತ್ರವಾಹನ! ಅರ್ಜಿ ಕೊಟ್ಟವನ ಹೆಸರು, ಮಂಜೂರು ಮಾಡಿದವನ ಹೆಸರು, ಊರಿನ ಹೆಸರು, ಇಸವಿ. 1,300 ವರ್ಷ ದಾಟಿದ ಕಡತದಲ್ಲಿ ಒಂದು ಅಂಕಣವೂ ಖಾಲಿ ಇಲ್ಲ!

ಆನವಟ್ಟಿಯ ಕಡೆ ಹೋದರೆ ಕುಬಟೂರು, ಶಾಸನಗಳ ಕುಪ್ಪಟೂರು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1070ರ ದಶಕದಲ್ಲಿ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಕರೆದು ಸತ್ಕರಿಸಿದಳು. ಅವರು ಬಸದಿಗೆ ಯಾವ ಹೆಸರಿಟ್ಟರು? ಬ್ರಹ್ಮಜಿನಾಲಯ! ಜಿನನ ಮನೆಗೆ ಬ್ರಾಹ್ಮಣರು ಪ್ರೀತಿಯಿಂದ ಇಟ್ಟ ಹೆಸರು. ಆ ಪ್ರೀತಿಗೂ ಒಂದು ಶಾಸನ!

ಆದರೆ ಸೊರಬದ ನಿಜವಾದ ಐಶ್ವರ್ಯ ರಾಜರಾಣಿಯರದಲ್ಲ. ವೀರಗಲ್ಲುಗಳದು!

ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಅಡಿಕೆ ತೋಟದ ಬೇಲಿಯ ಬಳಿ ನೋಡಿ. ಮೂರು ಅಂತಸ್ತಿನ ಕೆತ್ತನೆ. ಕೆಳಗೆ ಕಾದಾಟ. ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು. ಮೇಲೆ ದೇವರ ಸನ್ನಿಧಿಯಲ್ಲಿ ಕುಳಿತ ವೀರ. ಪಟ್ಟಿಗಳ ನಡುವೆ ಅಕ್ಷರ. ಆ ಅಕ್ಷರದಲ್ಲಿ ಹೆಸರು!

ಯಾರ ಹೆಸರು? ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಡ್ಡಗಟ್ಟಿದವನದು. ಆ ದನಗಳ್ಳತನಕ್ಕೆ ತುರುಗೊಳ್ ಎನ್ನುತ್ತಿದ್ದರು. ಊರ ಮೇಲೆ ದಾಳಿಯಾದಾಗ, ಅಂದರೆ ಊರಳಿವಿನಲ್ಲಿ, ಸತ್ತವನದು. ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿ ಪೆಣ್ಬುಯ್ಯಲಿನಲ್ಲಿ ಮಡಿದವನದು. ಸತ್ತವನ ಮನೆಯವರಿಗೆ ಊರು ಭೂಮಿ ಕೊಡುತ್ತಿತ್ತು. ಅದರ ಹೆಸರು ನೆತ್ತರುಗೊಡಗೆ! ರಕ್ತಕ್ಕೆ ಕೊಟ್ಟ ಕೊಡುಗೆ!

ಯೋಚಿಸಿ ನೋಡಿ. ಹತ್ತನೆಯ ಶತಮಾನದ ಒಬ್ಬ ಸಾಮಾನ್ಯ ದನಗಾಹಿಯ ಹೆಸರು ಗೊತ್ತಿರುವ ಊರುಗಳು ಜಗತ್ತಿನಲ್ಲಿ ಎಷ್ಟಿದ್ದಾವು? ಸೊರಬದಲ್ಲಿ ಅಂಥ ಊರಿಗೆ ಬರವಿಲ್ಲ!

ದಾಖಲೆಯಾಯಿತು. ನಕ್ಷೆ? ನಕ್ಷೆಯೂ ಇದೆ!

ಗೆರೆ ಎಳೆದ ನಕ್ಷೆಯಲ್ಲ, ಮಾತಿನ ನಕ್ಷೆ. ಇಂದಿಗೂ ನಿಮ್ಮ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಸುತ್ತೀರಲ್ಲ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ ಅಂತ? ಅದೇ ಪದ್ಧತಿ! ಮೂಡಲಿಗೆ ಕೆರೆಯ ಕೋಡಿ. ತೆಂಕಲಿಗೆ ನಟ್ಟ ಕಲ್ಲು. ಪಡುವಲಿಗೆ ಹಳ್ಳ. ಬಡಗಲಿಗೆ ಹುತ್ತ, ಹುಣಿಸೆ ಮರ. ದಾನಶಾಸನಗಳು ಹೀಗೆ ಎಲ್ಲೆಯ ಗುಂಟ ನಮ್ಮ ಕೈ ಹಿಡಿದು ಒಂದು ಸುತ್ತು ನಡೆಸುತ್ತವೆ. ಆ ಸಾಲುಗಳನ್ನು ಹಿಡಿದು ಹೊರಟರೆ ಇಂದೂ ಒಂದು ಕೆರೆಯೋ ಹಳ್ಳವೋ ಎದುರಾದೀತು!

ಬಾಂದುಕಲ್ಲುಗಳೂ ಇದ್ದವು. ಶಿವಾಲಯದ ಭೂಮಿಯಾದರೆ ಲಿಂಗಮುದ್ರೆ ಕಲ್ಲು. ವಿಷ್ಣು ದೇವಾಲಯ ಅಥವಾ ಬ್ರಾಹ್ಮಣರ ಭೂಮಿಯಾದರೆ ವಾಮನಮುದ್ರೆ. ಬಸದಿಯದಾದರೆ ಮುಕ್ಕೊಡೆ. ಓದು ಬಾರದವನಿಗೂ ಗಡಿ ತಿಳಿಯಬೇಕು, ಅದಕ್ಕೇ ಚಿತ್ರ!

ಇಷ್ಟಾದರೂ ಯಾರಾದರೂ ಒತ್ತುವರಿ ಮಾಡಿದರೆ? ಶಿಕ್ಷೆ ಏನು? ದಂಡವೆ? ಸೆರೆಯೆ? ಶಾಸನದ ಕೊನೆಯ ಸಾಲು ನೋಡಿ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಿ ಬಿದ್ದಿರುತ್ತಾನೆ ಎಂಬ ಶಾಪ. ಎಷ್ಟು ವರ್ಷ? ನೂರು? ಸಾವಿರ?

ಅರವತ್ತು ಸಾವಿರ ವರ್ಷ!

ತಲೆಯ ಮೇಲೆ ಸೂರ್ಯಚಂದ್ರರ ಕೆತ್ತನೆ. ಅವರಿಬ್ಬರು ಇರುವ ತನಕ ಈ ದಾಖಲೆ ಊರ್ಜಿತ. ಇಷ್ಟು ದೀರ್ಘ ವಾಯಿದೆಯ ಪತ್ರ ಯಾವ ಕಚೇರಿಯಲ್ಲಿದೆ ತೋರಿಸಿ!

ಈಗ ಬಚ್ಚಿಟ್ಟುಕೊಂಡಿದ್ದ ಅಂಕಿ. ಈ ಎರಡೇ ತಾಲ್ಲೂಕುಗಳಲ್ಲಿ ಇಂಥ ದಾಖಲೆಗಳು ಒಟ್ಟು ಎಷ್ಟು? ಹೇಳಿ ನೋಡೋಣ. ಇಪ್ಪತ್ತು? ಐವತ್ತು? ನೂರು?

ಅದಕ್ಕೆ ಒಬ್ಬ ಮನುಷ್ಯನ ಪರಿಚಯ ಆಗಬೇಕು. ಬೆಂಜಮಿನ್ ಲೂಯಿಸ್ ರೈಸ್. ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಿನಲ್ಲೇ! ಶಿಕ್ಷಣ ಇಲಾಖೆಯ ಅಧಿಕಾರಿ. ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗ ದಾರಿಯ ಕಲ್ಲುಗಳು ಆತನನ್ನು ತಡೆದು ನಿಲ್ಲಿಸಿದವು.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಬಳ್ಳಿಗಾವಿ, ಹರಿಹರ, ಚಿತ್ರದುರ್ಗದ ಸುತ್ತಿನ ಶಾಸನಗಳ ಫೋಟೋ ತೆಗೆದಿದ್ದ. 1865ರಲ್ಲಿ ಫೋಟೋ! ಭಾರದ ಪೆಟ್ಟಿಗೆ, ಗಾಜಿನ ಫಲಕ, ರಾಸಾಯನಿಕಗಳನ್ನೆಲ್ಲ ಹೊತ್ತುಕೊಂಡು! ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಪಾಲಿಗೆ ಬಂತು. 1879ರಲ್ಲಿ ಪುಸ್ತಕವೂ ಬಂತು. ಅಲ್ಲಿಂದ ಆತ ಹಿಂದೆ ನೋಡಲಿಲ್ಲ.

ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಅದೇ ಪಡಿಯಚ್ಚು! ಹೀಗೆ ಊರೂರಿನ ಕಲ್ಲುಗಳು ಕಾಗದಕ್ಕೆ ಬಂದು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳಾದವು. ಶಿಕಾರಿಪುರ ಸೇರಿದ 7ನೇ ಸಂಪುಟ 1902ರಲ್ಲಿ. ಸೊರಬ ಸೇರಿದ 8ನೇ ಸಂಪುಟ 1904ರಲ್ಲಿ.

ಈಗ ಎಣಿಸಿ. ಶಿಕಾರಿಪುರ ತಾಲ್ಲೂಕೊಂದರಲ್ಲೇ 300ಕ್ಕೂ ಹೆಚ್ಚು! ಸೊರಬದಲ್ಲಿ 500ಕ್ಕೂ ಹೆಚ್ಚು! ಎರಡೂ ಸೇರಿದರೆ 800 ದಾಟಿತು! ಎರಡು ತಾಲ್ಲೂಕು, 800ಕ್ಕೂ ಮೀರಿದ ಶಾಸನ, ಅದೂ 1904ರ ಹೊತ್ತಿಗೆ!

ನೀವು ಹೇಳಿದ ಅಂಕಿ ಎಷ್ಟಿತ್ತು?

ಇದರ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಒಮ್ಮೆ ಕಡಲಾಚೆ ಹೋಗಿಬರೋಣ. ಅಮೆರಿಕದ ಮೂಲನಿವಾಸಿಗಳಲ್ಲಿ ಚೆರೋಕಿ ಎಂಬ ಜನಾಂಗವಿದೆ. 1760ರ ದಶಕದ ಆರಂಭದಲ್ಲಿ ಹೆನ್ರಿ ಟಿಂಬರ್‌ಲೇಕ್ ಎಂಬ ವರ್ಜೀನಿಯಾದ ಸೈನಿಕ ಅವರ ನಾಡಿಗೆ ಹೋದ. ಹೊಳೆಯ ಗುಂಟ ಇದ್ದ ಊರುಗಳನ್ನೆಲ್ಲ ಒಂದು ನಕ್ಷೆಯಲ್ಲಿ ಬರೆದ. ಬರಿಯ ಊರಲ್ಲ! ಒಂದೊಂದು ಊರಿನ ಮುಖಂಡ ಯಾರು, ಅಲ್ಲಿಂದ ಯುದ್ಧಕ್ಕೆ ಹೊರಡುವ ಗಂಡಾಳು ಎಷ್ಟು ಎಂಬುದನ್ನೂ ಬರೆದ. 1765ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು.

ಆಮೇಲೆ? 1838ರ ಹೊತ್ತಿಗೆ ಚೆರೋಕಿಗಳಲ್ಲಿ ಬಹುಪಾಲು ಜನರನ್ನು ಸೈನ್ಯ ತಂದು ಅವರ ನೆಲದಿಂದಲೇ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಟಿಂಬರ್‌ಲೇಕ್ ಬರೆದ ಹೊಳೆಗೆ 1979ರಲ್ಲಿ ಅಣೆಕಟ್ಟು ಬಂತು, ಆ ಹಳೆಯ ಊರುಗಳ ನೆಲ ಬಹುಪಾಲು ನೀರಿನಡಿ ಹೋಯಿತು. ಇಂದು ಆ ಊರುಗಳು ಎಲ್ಲಿದ್ದವು ಎಂದು ನೋಡಬೇಕಾದರೆ ಕಾಗದದ ನಕ್ಷೆಯೇ ಗತಿ!

ಆ ಚೆರೋಕಿಗಳ ಛಲವನ್ನೂ ಕೇಳಿ. ಯಾವ ಭಾಷೆಯನ್ನೂ ಓದಲು ಬಾರದಿದ್ದ ಸಿಕ್ವೋಯಾ ಎಂಬ ಚೆರೋಕಿ, 1821ರ ಹೊತ್ತಿಗೆ ತನ್ನ ಭಾಷೆಗೆ ತಾನೇ ಒಂದು ಲಿಪಿ ಕಟ್ಟಿದ! ಏಳೇ ವರ್ಷಕ್ಕೆ, 1828ರಲ್ಲಿ, ಅದರಲ್ಲಿ ಪತ್ರಿಕೆ ಹೊರಟಿತು! ತನ್ನ ಮಾತನ್ನು ತನ್ನ ಅಕ್ಷರದಲ್ಲಿ ಉಳಿಸಬೇಕು ಎಂಬ ಹಟ ಎಂಥದ್ದು ನೋಡಿ.

ಈಗ ನಮ್ಮ ಭಾಗ್ಯ ನೋಡಿ. ನಮ್ಮ ಊರಿನ ದಾಖಲೆ ಬರೆದವರು ಹೊರಗಿನವರಲ್ಲ, ಊರಿನವರೇ! ಅವು ಕಡಲಾಚೆಯ ಪೆಟ್ಟಿಗೆಯಲ್ಲಿಲ್ಲ. ಹೆಚ್ಚಿನವು ಬರೆದ ಜಾಗದಲ್ಲೇ, ಬರೆದ ಊರಲ್ಲೇ, ಬಹುಪಾಲು ಬರೆದವರ ನುಡಿಯಲ್ಲೇ ನಿಂತಿವೆ. ನೋಡಲು ಅರ್ಜಿ ಬೇಡ, ಚೀಟಿ ಬೇಡ, ಬೀಗವೂ ಇಲ್ಲ!

ಬೀಗ ಇಲ್ಲದ್ದೇ ಅಪಾಯವೂ ಹೌದು! ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾದರೆ? ಅಡಿಪಾಯಕ್ಕೆ ಬಿದ್ದರೆ? ಜೆಸಿಬಿ ಹಲ್ಲಿಗೆ ಸಿಕ್ಕರೆ? ಸುಣ್ಣ ಬಣ್ಣ ಬಳಿದು ಅಕ್ಷರ ಮುಚ್ಚಿಹೋದರೆ? ಅಲ್ಲಿಗೆ ಒಬ್ಬ ಜಕ್ಕಿಯಬ್ಬೆ, ಒಬ್ಬ ವಾಜಿನಾಗ ಇಲ್ಲವಾದಂತೆ. ಇನ್ನೂ ಪಡಿಯಚ್ಚಿಗೆ ಬಾರದ ಕಲ್ಲಿಗೆ ನಕಲು ಪ್ರತಿ ಇರುವುದಿಲ್ಲ!

ಅದಕ್ಕೇ ಹೇಳುತ್ತಿದ್ದೇನೆ, ನೀವೇ ಹೋಗಿ. ತಾಳಗುಂದ, ಬಳ್ಳಿಗಾವಿ ಎರಡೂ ಶಿರಾಳಕೊಪ್ಪದ ಆಸುಪಾಸಿನಲ್ಲೇ ಇವೆ, ಒಂದೇ ದಿನದಲ್ಲಿ ನೋಡಬಹುದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ನಡುಹಗಲಲ್ಲಿ ಬೋಳು ಕಲ್ಲಿನಂತೆ ಕಂಡದ್ದರ ಮೇಲೆ ಥಟ್ಟನೆ ಸಾಲು ಸಾಲು ಅಕ್ಷರ ಏಳುತ್ತವೆ! ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ಅದೇ ಚಮತ್ಕಾರ.

ಸುಣ್ಣದಕಡ್ಡಿಯಿಂದ ತೀಡಬೇಡಿ. ತಂತಿ ಬ್ರಶ್ಶು ಹಾಕಬೇಡಿ. ಸಾಫಾಗಿ ನಾಲ್ಕು ಫೋಟೋ ತೆಗೆಯಿರಿ, ಊರು, ಸರ್ವೆ ನಂಬರು, ಕಲ್ಲು ನಿಂತ ಜಾಗ ಬರೆದುಕೊಳ್ಳಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಮಕ್ಕಳಿಗೆ ಹಳಗನ್ನಡದ ಹತ್ತು ಅಕ್ಷರ ಗುರುತಿಸಲು ಕಲಿಸಿ. ತಮ್ಮೂರಿನ ಹೆಸರನ್ನು ಸಾವಿರ ವರ್ಷದ ಹಿಂದಿನ ಕೈಬರಹದಲ್ಲಿ ಓದಿದ ಮಗು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ!

ಯಾಕೆಂದರೆ ಪಟ್ಟಿ ಮುಗಿದಿಲ್ಲ. ರೈಸ್ ಎಣಿಸಿ ಹೋದ ಮೇಲೂ ಕೆರೆ ಹೂಳೆತ್ತುವಾಗ, ಪಾಯ ತೋಡುವಾಗ, ಪೊದೆ ಸವರುವಾಗ ಹೊಸ ಕಲ್ಲು ಮೇಲೇಳುತ್ತಲೇ ಇವೆ. ತಾಳಗುಂದದ ಸಿಂಹಕಟಾಂಜನ ಮಣ್ಣಿನಿಂದ ಎದ್ದು ಬಂದದ್ದು ಮೊನ್ನೆ ಮೊನ್ನೆ. ಮುಂದಿನ ಕಲ್ಲು ನಿಮ್ಮ ಹೊಲದ ಬದುವಿನಲ್ಲೇ ಇರಬಹುದು, ಅದನ್ನು ಮೊದಲು ಓದುವವರು ನೀವೇ ಆಗಬಹುದು. ಹೊರಡಿ!